ಬ್ರೇಕಿಗೆ ಬಂದ ಓಲೆ

ಮೊಬೈಲ್ ಮೋಸದ ವಿಷಯದಲ್ಲಿ ನಮ್ಮ ಬೀದಿಗೆ ನಾನೇ ಹೈಕೋರ್ಟು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಪಿರಿಯಾಪಟ್ಟಣದ ನಮ್ಮ ಬೀದಿಯಲ್ಲಿ ಯಾರ ಫೋನಿಗೆ ಅನುಮಾನದ ಮೆಸೇಜು ಬಂದರೂ ನನ್ನ ಬಳಿ ತಂದು ತೋರಿಸುತ್ತಾರೆ. ನಾನು ಕನ್ನಡಕ ಏರಿಸಿ ಒಂದು ಸಲ ಓದಿ, "ಮೋಸ. ಅಳಿಸಿ ಹಾಕಿ" ಎಂದು ತೀರ್ಪು ಕೊಡುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ನನ್ನ ತೀರ್ಪು ಸರಿಯಾಗಿಯೇ ಇರುತ್ತದೆ. ಇವತ್ತು ನಾನು ಹೇಳಹೊರಟಿರುವುದು ಮಿಕ್ಕ ಆ ಒಂದರ ಕಥೆ.

ನನ್ನ ಮಗ ದಿನಾ ಹುಣಸೂರಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಪೆಟ್ರೋಲ್ ಖರ್ಚು ತಡೆಯಲಾರದೆ ಒಂದು ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆವು. ಮುಂಗಡದ ಹಣ ನನ್ನ ಠೇವಣಿಯಿಂದ ಹೋಗಿದ್ದರಿಂದ ಕಾರು ನನ್ನ ಹೆಸರಿನಲ್ಲೇ ನೋಂದಣಿಯಾಯಿತು. ಕಾಗದಪತ್ರದಲ್ಲಿ ಬರೆಸಿದ್ದೂ ನನ್ನ ಮೊಬೈಲ್ ನಂಬರೇ. ರಾತ್ರಿ ಮನೆಯ ಮುಂದೆ ವೈರು ಸಿಕ್ಕಿಸಿದರೆ ಬೆಳಗ್ಗೆ ಸಿದ್ಧ. ಏಳನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ ಅದಕ್ಕೆ "ಬೆಕ್ಕು" ಎಂದು ಹೆಸರಿಟ್ಟಳು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲವಂತೆ.

ಒಂದು ದಿನ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು. ನಿಮ್ಮ ವಾಹನದ ಬ್ರೇಕ್ ವ್ಯವಸ್ಥೆಯಲ್ಲಿ ದೋಷ ಇರಬಹುದು, ಉಚಿತವಾಗಿ ಸರಿಪಡಿಸಿಕೊಡುತ್ತೇವೆ, ಈ ಲಿಂಕ್ ಒತ್ತಿ ಎಂದಿತ್ತು. "ಉಚಿತ" ಮತ್ತು "ಲಿಂಕ್", ಈ ಎರಡು ಪದ ನನಗೆ ಸಾಕು. ಅಳಿಸಿ ಹಾಕಿದೆ. ಎರಡು ದಿನ ಬಿಟ್ಟು ಒಬ್ಬ ಹುಡುಗಿ ಫೋನ್ ಮಾಡಿ, "ಸಾರ್, ನಿಮ್ಮ ಗಾಡಿ ವಿಚಾರ" ಎಂದಳು. "ನನಗೇ ಟೋಪಿ ಹಾಕ್ತೀಯೇನಮ್ಮ?" ಎಂದು ಗದರಿಸಿ ಕತ್ತರಿಸಿದೆ. ಆಮೇಲೊಂದು ಲಕೋಟೆ ಬಂತು. ಯಾವುದೋ ವಿಮೆಯ ಜಾಹೀರಾತು ಎಂದುಕೊಂಡು ಒಡೆಯದೇ ಕರೆಂಟ್ ಬಿಲ್ಲು ಚುಚ್ಚುವ ತಂತಿಗೆ ಚುಚ್ಚಿಟ್ಟೆ.

ಅದಾಗಿ ಮೂರು ವಾರಕ್ಕೆ ಮನೆಯವರೆಲ್ಲ ಶನಿವಾರ ಮಡಿಕೇರಿಗೆ ಹೋಗುವುದು ಎಂದು ತೀರ್ಮಾನವಾಯಿತು. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಮಗ ಹೇಳಿದ: "ಅಪ್ಪ, ಇವತ್ತು ಊರು ಹತ್ರ ಬರ್ತಾ ರಸ್ತೆ ಗುಂಡಿ ಮೇಲೆ ಬ್ರೇಕ್ ಒತ್ತಿದೆ. ಒಂದು ಕ್ಷಣ ಹಿಡೀಲೇ ಇಲ್ಲ. ಎದೆ ಝಲ್ ಅಂತು. ಆಮೇಲೆ ಸರಿಯಾಗಿ ನಿಲ್ತು." ಗುಂಡಿಗೆ ಹಾಗಾಗಿರಬೇಕು ಎಂದು ನಾನೇ ಸಮಾಧಾನ ಹೇಳಿದೆ.

ಪುಟ್ಟಿ ಶಾಲೆಯ ಏನೋ ಕೆಲಸಕ್ಕೆ ಒಂದು ಬದಿ ಖಾಲಿ ಇರುವ ಕಾಗದ ಹುಡುಕುತ್ತಾ ತಂತಿಯಿಂದ ಆ ಲಕೋಟೆ ತೆಗೆದಳು. ಒಡೆದು ಓದಿದಳು. "ತಾತ, ಇದ್ರಲ್ಲೂ ಬ್ರೇಕ್ ಅಂತಾನೇ ಬರ್ದಿದೆ. ಗುಂಡಿ ಅಂತಾನೂ ಇದೆ" ಎಂದಳು.

ಕೈ ತೊಳೆಯದೇ ಎದ್ದು ಹೋಗಿ ಓದಿದೆ. ಪತ್ರದ ತಾರೀಖು ಇಪ್ಪತ್ತನಾಲ್ಕು ದಿನ ಹಿಂದಿನದು. ಉಬ್ಬುತಗ್ಗಿನ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು ಕ್ಷಣಕಾಲ ತಡವಾಗಬಹುದು ಎಂದು ಮಗ ಹೇಳಿದ್ದನ್ನೇ ಅಚ್ಚುಹಾಕಿದಂತೆ ಬರೆದಿತ್ತು. ಆ ಇಪ್ಪತ್ತನಾಲ್ಕು ದಿನದಲ್ಲಿ ಪುಟ್ಟಿ ಎಷ್ಟು ಸಲ ಹಿಂದಿನ ಸೀಟಿನಲ್ಲಿ ಕೂತಿದ್ದಳು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತು. ಲೆಕ್ಕ ಹಾಕುವುದು ನನ್ನ ಜೀವಮಾನದ ಕಸುಬು. ಆವತ್ತಿನ ಲೆಕ್ಕ ಮಾತ್ರ ಪೂರ್ತಿ ಮಾಡಲು ಧೈರ್ಯ ಬರಲಿಲ್ಲ.

ಆಗಲೂ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಲಿಲ್ಲ. ಕಾರು ಕೊಂಡಾಗ ಕೊಟ್ಟಿದ್ದ ಪುಸ್ತಕ ತೆಗೆದು, ಅದರಲ್ಲಿದ್ದ ನಂಬರಿಗೆ ಬೆಳಗ್ಗೆ ಮಾಡಿದೆ. ಚಾಸಿಸ್ ನಂಬರ್ ಕೇಳಿದರು, ಹೇಳಿದೆ. "ಹೌದು ಸಾರ್, ನಿಮ್ಮ ಗಾಡಿ ಪಟ್ಟಿಯಲ್ಲಿದೆ. ಮೂರು ಸಲ ತಿಳಿಸಿದ್ದೇವೆ" ಎಂದರು. ಮಡಿಕೇರಿ ಪ್ರವಾಸ ರದ್ದಾಯಿತು. ಕಾರನ್ನು ಓಡಿಸಿಕೊಂಡು ಬರುವುದಿಲ್ಲ, ನೀವೇ ಸಾಗಿಸಿಕೊಳ್ಳಿ ಎಂದೆ. ಒಪ್ಪಿದರು. ನಮ್ಮ ಬೆಕ್ಕು ಲಾರಿಯ ಬೆನ್ನೇರಿ ಮೈಸೂರಿಗೆ ಹೊರಟಾಗ ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. "ಹೊಸ ಕಾರು ಕೆಟ್ಟೋಯ್ತಾ ಸಾರ್?" ಎಂದು ಕೇಳಿದವರಿಗೆಲ್ಲ, "ಕಾರು ಆಮೇಲೆ, ಮೊದಲು ಕೆಟ್ಟಿದ್ದು ನನ್ನ ಬುದ್ಧಿ" ಎಂದೆ.

ಕಾರು ಇಲ್ಲದ ಆ ಶನಿವಾರ ಪುಟ್ಟಿ ಜಗಲಿಯಲ್ಲಿ ಕೂತು ಕೇಳಿದಳು: "ಬ್ರೇಕ್ ಅಂದ್ರೆ ಕಬ್ಬಿಣ ತಾನೇ ತಾತ? ಅದಕ್ಕೆ ಕಂಪ್ಯೂಟರ್ ರಿಪೇರಿ ಯಾಕೆ?"

ಒಳ್ಳೆಯ ಪ್ರಶ್ನೆ. ನನ್ನ ಹಳೆಯ ಸೈಕಲ್ ಇನ್ನೂ ಹಿತ್ತಲಲ್ಲಿದೆ, ಅದರಲ್ಲಿ ಡೈನಮೋ ಇದೆ. ಅಜ್ಜ ಅಜ್ಜಿಯರಿಗೆ ಅದರ ನೆನಪಿರುತ್ತದೆ. ಮಕ್ಕಳೇ, ನೀವು ನೋಡಿಲ್ಲದಿದ್ದರೆ ಕೇಳಿ. ಡೈನಮೋದ ತಲೆಯನ್ನು ಟೈರಿಗೆ ತಾಗಿಸಿದರೆ ಅದು ತಿರುಗಿ ಕರೆಂಟು ಹುಟ್ಟುತ್ತದೆ, ಮುಂದಿನ ದೀಪ ಉರಿಯುತ್ತದೆ. ಆದರೆ ತಾಗಿಸಿದ ಕೂಡಲೇ ಪೆಡಲು ಭಾರವಾಗುತ್ತದೆ. ದೀಪಕ್ಕೆ ಬೇಕಾದ ಶಕ್ತಿ ನಮ್ಮ ಓಟದಿಂದಲೇ ಹೋಗುವುದರಿಂದ ಸೈಕಲ್ಲಿನ ವೇಗ ಇಳಿಯುತ್ತದೆ. ಎಲೆಕ್ಟ್ರಿಕ್ ಕಾರಿನ ಮೋಟಾರು ಮಾಡುವುದೂ ಇದನ್ನೇ. ಮುಂದೆ ಹೋಗುವಾಗ ಬ್ಯಾಟರಿಯಿಂದ ಕರೆಂಟು ತಿಂದು ಚಕ್ರ ತಿರುಗಿಸುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರು ದೊಡ್ಡ ಡೈನಮೋ ಆಗಿ, ಓಟದ ಶಕ್ತಿಯನ್ನು ಕರೆಂಟಾಗಿಸಿ ಬ್ಯಾಟರಿಗೆ ವಾಪಸ್ ಜಮಾ ಮಾಡುತ್ತದೆ. ಖರ್ಚಾದದ್ದರಲ್ಲಿ ಒಂದಿಷ್ಟು ಮತ್ತೆ ಖಾತೆಗೆ ಬಂದ ಹಾಗೆ.

ಇದರ ಜೊತೆಗೆ ಎಲ್ಲ ಕಾರಿನಲ್ಲಿರುವ ಮಾಮೂಲಿ ಬ್ರೇಕೂ ಇರುತ್ತದೆ. ಕಾಲಿನಿಂದ ಒತ್ತಿದರೆ ಕೊಳವೆಯಲ್ಲಿನ ಬ್ರೇಕ್ ಆಯಿಲ್ ಒತ್ತಡಕ್ಕೆ ಸಿಕ್ಕಿ, ಚಕ್ರದ ಬಳಿಯ ಪ್ಯಾಡುಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ. ನಾವು ಒತ್ತುವ ಪೆಡಲು ಒಂದೇ, ಹಿಂದೆ ಕೆಲಸ ಮಾಡುವವರು ಇಬ್ಬರು. ಯಾರು ಎಷ್ಟು ಹಿಡಿಯಬೇಕು ಎಂದು ಗಳಿಗೆ ಗಳಿಗೆಗೂ ಹಂಚುವ ಮೇಸ್ತ್ರಿಯೇ ಕಂಪ್ಯೂಟರು. ರಸ್ತೆ ನುಣುಪಾಗಿದ್ದಾಗ ಹಂಚಿಕೆ ಸಲೀಸು. ಗುಂಡಿ ಬಂದು ಚಕ್ರ ಜಾರಿತೋ, ಮೋಟಾರು ಕೈಬಿಟ್ಟು ಪ್ಯಾಡು ಕೈಹಿಡಿಯಬೇಕು. ಈ ಕೈ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಮೇಸ್ತ್ರಿ ಅರೆಗಳಿಗೆ ತಡಮಾಡಿದರೆ ನಮಗೆ ಬ್ರೇಕ್ ಇಲ್ಲದ ಹಾಗೆ ಭಾಸವಾಗುತ್ತದೆ.

ಅರೆಗಳಿಗೆಯಲ್ಲಿ ಏನು ಮಹಾ ಆಗುತ್ತದೆ? ಮಕ್ಕಳೇ, ಲೆಕ್ಕ ಮಾಡಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಅರ್ಧ ಸೆಕೆಂಡಿಗೆ 5 ಮೀಟರ್. ವೇಗ 72 ಆದರೆ 10 ಮೀಟರ್. ಒಂದು ಹಸು, ಒಂದು ಮಗು, ಒಂದು ಸ್ಕೂಟರು ನಿಂತಿರಲು ಅಷ್ಟು ಜಾಗ ಬೇಕಾದಷ್ಟಾಯಿತು.

ನಮ್ಮ ಕಾರಿಗೆ ಬಂದ ಕಾಯಿಲೆ ಹೊಸದಲ್ಲ ಎಂದು ಆಮೇಲೆ ಓದಿ ತಿಳಿದೆ. ಜಪಾನಿನ ಟೊಯೋಟಾ ಕಂಪನಿಯ ಪ್ರಿಯಸ್ ಎಂಬ ಕಾರು ಪೆಟ್ರೋಲ್ ಮತ್ತು ಕರೆಂಟು ಎರಡರಲ್ಲೂ ಓಡುವಂಥದ್ದು. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕ್ ಒಂದು ಕ್ಷಣ ಕೈಕೊಟ್ಟ ಹಾಗಾಗುತ್ತದೆ ಎಂದು ಅದರ ಮಾಲೀಕರು ದೂರಿದರು. 2010ರ ಫೆಬ್ರವರಿಯಲ್ಲಿ ಕಂಪನಿಯು ಪ್ರಿಯಸ್ ಮತ್ತು ಅದೇ ಬಗೆಯ ಬೇರೆ ಕಾರುಗಳು ಸೇರಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ 37 ಸಾವಿರ ಕಾರುಗಳನ್ನು ವಾಪಸ್ ಕರೆಸಿತು. ತಿದ್ದಿದ್ದು ಬ್ರೇಕಿನ ಸಾಫ್ಟ್‌ವೇರನ್ನು. ಆ ಸಮಯದಲ್ಲಿ ಟೊಯೋಟಾದ ಬೇರೆ ಕಾರುಗಳಿಗೂ ವೇಗದ ಪೆಡಲಿನ ತೊಂದರೆ ಬಂದಿತ್ತು. ಕಂಪನಿಯ ಅಧ್ಯಕ್ಷ ಅಕಿಯೋ ಟೊಯೋಡಾ ಅದೇ ತಿಂಗಳು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಉತ್ತರ ಕೊಡಬೇಕಾಯಿತು, ಕ್ಷಮೆಯನ್ನೂ ಕೇಳಿದರು.

ಹೀಗೆ ವಾಪಸ್ ಕರೆಸುವುದಕ್ಕೆ ರೀಕಾಲ್ ಎನ್ನುತ್ತಾರೆ. ಎಲ್ಲ ರೀಕಾಲೂ ಕಂಪ್ಯೂಟರಿನದಲ್ಲ. 2017ರಲ್ಲಿ ಅಮೆರಿಕದ ಟೆಸ್ಲಾ ತನ್ನ ಸುಮಾರು 53 ಸಾವಿರ ಎಲೆಕ್ಟ್ರಿಕ್ ಕಾರುಗಳನ್ನು ಕರೆಸಿದ್ದು ಪಾರ್ಕಿಂಗ್ ಬ್ರೇಕಿನೊಳಗಿನ ಒಂದು ಚಿಕ್ಕ ಹಲ್ಲುಗಾಲಿ ಮುರಿಯಬಹುದು ಎಂದು. 2021ರಲ್ಲಿ ಅದೇ ಕಂಪನಿ ಮತ್ತೆ 5,974 ಕಾರುಗಳನ್ನು ಕರೆಸಿತು. ಕಾರಣ, ಬ್ರೇಕಿನ ಬೋಲ್ಟು ಸಡಿಲ ಇರಬಹುದೆಂಬ ಶಂಕೆ. 2024ರಲ್ಲಿ ಜರ್ಮನಿಯ ಪೋರ್ಷೆ ತನ್ನ ಟೈಕಾನ್ ಎಂಬ ಎಲೆಕ್ಟ್ರಿಕ್ ಕಾರುಗಳನ್ನು ಕರೆಸಿತು. ಮುಂದಿನ ಬ್ರೇಕಿನ ಹೋಸ್ ಪೈಪು ಬಿರುಕು ಬಿಟ್ಟು ಆಯಿಲ್ ಸೋರುವ ಅಪಾಯವಿತ್ತು. ಕೋಟಿಗಟ್ಟಲೆ ಬೆಲೆಯ ಕಾರಾದರೂ ರಬ್ಬರು ರಬ್ಬರೇ.

ಇದೆಲ್ಲ ದೂರದೂರಿನ ಮಾತು ಎನ್ನಬೇಡಿ. ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲೇ ಬ್ರೇಕಿನಿಂದ ಬ್ಯಾಟರಿಗೆ ಕರೆಂಟು ವಾಪಸ್ ಕೊಡುವ ಏರ್ಪಾಡಿತ್ತು. ಚೇತನ್ ಮೈನಿಯವರ ಆ ಪುಟಾಣಿ ಕಾರು ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ರೀಕಾಲೂ ನಮ್ಮ ರಾಜ್ಯಕ್ಕೆ ಹೊಸದಲ್ಲ. ಪುಣೆಯಲ್ಲಿ ಒಂದು ಸ್ಕೂಟರಿಗೆ ಬೆಂಕಿ ಹತ್ತಿದ ಮೇಲೆ, 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 1,441 ಸ್ಕೂಟರುಗಳನ್ನು ತಪಾಸಣೆಗೆ ಕರೆಸಿತು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾ ಕಾರುಗಳಲ್ಲಿ 11,177ನ್ನು ಮಾರುತಿ ಸುಜುಕಿ 2023ರ ಜನವರಿಯಲ್ಲಿ ಕರೆಸಿದ್ದು ಹಿಂದಿನ ಸೀಟು ಬೆಲ್ಟಿನ ಹಿಡಿಕೆ ಸಡಿಲವಾಗಬಹುದು ಎಂದು. ಅದಕ್ಕೂ ಮೂರು ತಿಂಗಳು ಮುಂಚೆ ಅದೇ ಕಂಪನಿ ವ್ಯಾಗನ್ ಆರ್, ಸೆಲೇರಿಯೋ, ಇಗ್ನಿಸ್ ಸೇರಿ 9,925 ಪೆಟ್ರೋಲ್ ಕಾರುಗಳನ್ನು ಹಿಂದಿನ ಬ್ರೇಕಿನ ಒಂದು ಪಿನ್ನಿಗಾಗಿ ಕರೆಸಿತ್ತು. ಹಾಗಾಗಿ ಕರೆಂಟಿನ ಕಾರು ಕೆಟ್ಟದ್ದು, ಪೆಟ್ರೋಲಿನದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ.

ನಮ್ಮ ದೇಶದಲ್ಲಿ 2012ರಿಂದ ಕಂಪನಿಗಳು ತಾವಾಗಿ ವಾಹನ ವಾಪಸ್ ಕರೆಸುವ ಪದ್ಧತಿ ಇತ್ತು. ಮನಸ್ಸಿದ್ದರೆ ಕರೆಸಬಹುದು ಅಷ್ಟೆ, ಕಾನೂನಿನ ಬಲವಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110-ಎ ಎಂಬ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ವಾಹನದಲ್ಲಿ ಸುರಕ್ಷತೆಯ ದೋಷವಿದ್ದು ನಿಗದಿಯಾದಷ್ಟು ಮಾಲೀಕರು ದೂರು ಕೊಟ್ಟರೆ, ಸರ್ಕಾರವೇ ವಿಚಾರಿಸಿ, ಆ ಮಾದರಿಯನ್ನು ವಾಪಸ್ ಕರೆಸು ಎಂದು ಕಂಪನಿಗೆ ಆಜ್ಞೆ ಮಾಡಬಹುದು. ಹಾಗೆ ಸರ್ಕಾರ ಹೇಳಿಸಿಕೊಂಡು ಕರೆಸಿದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಕಂಪನಿ ತಾನಾಗಿ ತಪ್ಪು ಕಂಡುಹಿಡಿದು, ಸರ್ಕಾರಕ್ಕೆ ತಿಳಿಸಿ ಕರೆಸಿದರೆ ಆ ದಂಡವಿಲ್ಲ. ಮುಚ್ಚಿಟ್ಟವನಿಗೆ ಶಿಕ್ಷೆ, ಒಪ್ಪಿಕೊಂಡವನಿಗೆ ವಿನಾಯಿತಿ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ನ್ಯಾಯವೂ ಇದೇ ಅಲ್ಲವೇ?

ಆದರೆ ತಪ್ಪು ಒಪ್ಪಿಕೊಳ್ಳಲು ಬಂದವನಿಗೆ ಎದುರಿನವನು ಬಾಗಿಲು ತೆರೆಯಬೇಕು. ಇದು ನನಗೆ ಮೂವತ್ತೈದು ವರ್ಷದ ಹಿಂದೆಯೇ ಗೊತ್ತಿತ್ತು.

ಆಗ ಈ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಹೊಗೆಸೊಪ್ಪಿನ ಹರಾಜಿನ ಕಾಲ. ರೈತರ ಹಣ ಒಂದರ ಹಿಂದೊಂದು ಜಮೆಯಾಗುತ್ತಿತ್ತು. ಸಂಜೆ ಲೆಕ್ಕ ತಾಳೆ ನೋಡುವಾಗ ನನ್ನ ತಪ್ಪು ನನಗೇ ಕಂಡಿತು. ಒಂದೇ ಹೆಸರಿನ ಇಬ್ಬರು ರೈತರಿದ್ದರು. ಒಬ್ಬನ ಹಣವನ್ನು ಇನ್ನೊಬ್ಬನ ಖಾತೆಗೆ ಹಾಕಿದ್ದೆ. ಹಣ ಸಿಗದ ರೈತ ಮಾರನೇ ದಿನ ಮಗಳ ಮದುವೆಯ ಸಾಮಾನಿಗೆ ಹೋಗುವವನಿದ್ದ. ಮ್ಯಾನೇಜರು ಬೈಯಲಿಲ್ಲ. "ಎಂಟ್ರಿ ಈಗಲೇ ತಿದ್ದಿ. ಅವರಿಗೆ ನೀವೇ ಹೋಗಿ ಹೇಳಿ ಬನ್ನಿ" ಎಂದರು.

ಡೈನಮೋ ಹಾಕಿಕೊಂಡು, ಬೆಟ್ಟದಪುರದ ಕಡೆಯ ಆ ಹಳ್ಳಿಗೆ ಕತ್ತಲಲ್ಲಿ ಸೈಕಲ್ ತುಳಿದೆ. ಬಾಗಿಲು ತಟ್ಟಿದರೆ ಹೆಂಗಸೊಬ್ಬರು ಇಣುಕಿ, "ಅವ್ರು ಊರಲ್ಲಿಲ್ಲ ಸ್ವಾಮಿ, ಬರೋದು ಒಂದು ವಾರ ಆಯ್ತದೆ" ಎಂದರು. ಒಳಗೆ ಗಂಡಸು ಕೆಮ್ಮಿದ್ದು ಕೇಳಿಸಿತು. ಬ್ಯಾಂಕಿನವನು ಮನೆಗೆ ಬಂದ ಎಂದರೆ ಸಾಲ ವಸೂಲಿಗೇ ಎಂದು ಅವರ ಲೆಕ್ಕ. "ಅಮ್ಮ, ನಾನು ಕೇಳೋಕೆ ಬಂದಿಲ್ಲ, ಕೊಡೋಕೆ ಬಂದಿದ್ದೀನಿ. ನಿಮ್ಮ ಹಣ ನನ್ನ ಕೈತಪ್ಪಿನಿಂದ ಬೇರೆ ಕಡೆ ಹೋಗಿತ್ತು, ಸರಿ ಮಾಡಿದ್ದೀನಿ" ಎಂದು ಮೂರು ಸಲ ಕೂಗಿದ ಮೇಲೆ ಆತ ಹೊರಗೆ ಬಂದ. ನಾಚಿಕೊಂಡು ನಕ್ಕ. ಕಾಫಿ ಕೊಡದೇ ಕಳಿಸಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ಸಲ ನಗುತ್ತಾ ಹೇಳಿದ್ದೇನೆ. ಕಾರಿನ ಪತ್ರ ಬಂದಾಗ ಬಾಗಿಲ ಹಿಂದೆ ಅಡಗಿ ಕೆಮ್ಮಿದವನು ನಾನೇ ಎಂದು ಹೊಳೆದದ್ದು ಮಾತ್ರ ಆ ಶನಿವಾರ.

ಮೋಸಗಾರರ ಭಯಕ್ಕೆ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದೇವೆ. ಭಯ ಸುಳ್ಳಲ್ಲ. ಹಾಗೆಂದು ನಿಜವಾದ ಎಚ್ಚರಿಕೆಯೂ ಹೊರಗೇ ನಿಂತರೆ ಹೇಗೆ? ಅದಕ್ಕೆ ನಮ್ಮ ಮನೆಯಲ್ಲಿ ಈಗ ಕೆಲವು ನಿಯಮ ಮಾಡಿದ್ದೇವೆ. ನಿಮಗೂ ಉಪಯೋಗಕ್ಕೆ ಬರಬಹುದು.

ವಾಹನದ ಬಗ್ಗೆ ಮೆಸೇಜು ಬಂದರೆ ಲಿಂಕ್ ಒತ್ತುವುದಿಲ್ಲ, ಅಳಿಸುವುದೂ ಇಲ್ಲ. ಕಾರಿನ ಪುಸ್ತಕದಲ್ಲೋ ರಸೀದಿಯಲ್ಲೋ ಇರುವ ನಂಬರಿಗೆ ನಾವೇ ಫೋನ್ ಮಾಡಿ ಕೇಳುತ್ತೇವೆ. ರೀಕಾಲ್ ಕೆಲಸಕ್ಕೆ ಕಂಪನಿಯವರು ಹಣ ಕೇಳುವುದಿಲ್ಲ, ಓಟಿಪಿ ಬೇಕಿಲ್ಲ, ಬ್ಯಾಂಕ್ ಖಾತೆಯ ವಿವರವಂತೂ ಬೇಡವೇ ಬೇಡ. ಯಾರಾದರೂ ಕೇಳಿದರೆ ಅದು ಮೋಸವೇ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇರುತ್ತದೆ. ಒಟ್ಟು 17 ಅಕ್ಷರ ಮತ್ತು ಅಂಕಿ. ಬಹಳ ಕಂಪನಿಗಳ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಮಕ್ಕಳೇ, ಈ ಕೆಲಸ ನಿಮ್ಮದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಒಂದು, ಸೊನ್ನೆ ಎಂದು ಗೊಂದಲವಾಗದಿರಲಿ ಎಂದು ಬಿಟ್ಟಿದ್ದಾರೆ. ನಿಮ್ಮ ಮನೆಯ ಗಾಡಿಯದನ್ನು ಪರೀಕ್ಷೆ ಮಾಡಿ ನೋಡಿ.

ಹಳೆಯ ಗಾಡಿ ಕೊಂಡವರು ಮೊದಲು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಿಳಾಸ, ಮೊಬೈಲ್ ನಂಬರ್ ಬದಲಾಗಿದ್ದರೆ ಸಾರಿಗೆ ಇಲಾಖೆಯ ದಾಖಲೆಯಲ್ಲೂ ಕಂಪನಿಯಲ್ಲೂ ತಿದ್ದಿಸಿ. ಇಲ್ಲದಿದ್ದರೆ ಓಲೆ ಹಳೆಯ ಮಾಲೀಕನ ಮನೆಗೆ ಹೋಗುತ್ತದೆ, ಬ್ರೇಕು ನಿಮ್ಮ ಕಾಲ ಕೆಳಗಿರುತ್ತದೆ. ಬ್ರೇಕಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಗುಂಡಿಯನ್ನು ಬೈದು ಸುಮ್ಮನಾಗಬೇಡಿ. ಸರ್ವಿಸ್ ಸೆಂಟರಿನಲ್ಲಿ ಬರೆಸಿ, ಬರೆಸಿದ್ದಕ್ಕೆ ಚೀಟಿ ಕೇಳಿ ಪಡೆಯಿರಿ. ಅವರು ಕಿವಿಗೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಒಬ್ಬೊಬ್ಬರ ದೂರೂ ಸೇರಿದರೇ ಸರ್ಕಾರದ ಗಮನಕ್ಕೆ ಹೋಗುವುದು.

ನಮ್ಮ ಬೆಕ್ಕು ಮಾರನೇ ವಾರದ ಮಧ್ಯದಲ್ಲಿ ವಾಪಸ್ ಬಂತು. ಮಗ ಖಾಲಿ ರಸ್ತೆಯಲ್ಲಿ, ನಿಧಾನದ ವೇಗದಲ್ಲಿ, ಗುಂಡಿಯ ಮೇಲೇ ನಾಲ್ಕಾರು ಸಲ ಬ್ರೇಕ್ ಒತ್ತಿ ನೋಡಿದ. ಪ್ರತಿ ಸಲವೂ ಹಿಡಿಯಿತು. ಮಡಿಕೇರಿಗೆ ಮುಂದಿನ ತಿಂಗಳು ಹೋಗಿ ಬಂದೆವು. ಘಾಟಿ ಇಳಿಯುವಾಗ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಪುಟ್ಟಿ ನೋಡಿ ನಕ್ಕಳು.

ಕೆಲಸ ಮುಗಿಸಿ ಅವರು ಕೊಟ್ಟ ಬಿಲ್ಲಿನಲ್ಲಿ ಒಟ್ಟು ಮೊತ್ತ ಸೊನ್ನೆ ರೂಪಾಯಿ. ಅಷ್ಟು ವರ್ಷದ ಬ್ಯಾಂಕ್ ಕೆಲಸದಲ್ಲಿ ಸೊನ್ನೆಯ ರಸೀದಿಯನ್ನು ಜೋಪಾನ ಮಾಡಿದವನಲ್ಲ. ಇದನ್ನು ಮಾಡಿದ್ದೇನೆ. ಆದರೆ ಆ ತಂತಿಗೆ ಚುಚ್ಚಿಲ್ಲ. ತಂತಿಗೆ ಹೋಗುವ ಮುಂಚೆ ಮನೆಗೆ ಬಂದ ಪ್ರತಿ ಲಕೋಟೆಯನ್ನೂ ಈಗ ಪುಟ್ಟಿ ಒಡೆದು ಓದುತ್ತಾಳೆ. ನಮ್ಮ ಮನೆಯ ಹೈಕೋರ್ಟಿಗೆ ಮೇಲಿನ ಕೋರ್ಟು ಅವಳೇ.